ಬಲಗಡೆಯ ಮುಂದಿನ ಗಾಲಿ

ಹಂಪಯ್ಯ ಸ್ಟೇರಿಂಗ್ ಮುಟ್ಟದೆ ಹತ್ತು ವರ್ಷದ ಮೇಲಾಗಿತ್ತು. ದೇವದುರ್ಗದ ಓಣಿಯಲ್ಲಿ, ಅವನ ಮನೆಗೆ ಅಂಟಿಕೊಂಡಿದ್ದ ತಗಡಿನ ಶೆಡ್ಡಿನೊಳಗೆ ಆ ಹಳೆಯ ಪಿಕಪ್ಪು ಎಡಗಡೆಯ ಮೂತಿ ಜಜ್ಜಿಸಿಕೊಂಡು ನಿಂತಿತ್ತು. ಅದರ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗುಜರಿಯವರು ವರ್ಷಕ್ಕೊಮ್ಮೆ ಬಂದು ಕೇಳಿದರೆ, "ಇರಲಿ ಬಿಡ್ರಿ, ಅದರ ಪಾಡಿಗಿ ಅದು ಅದ" ಎಂದು ಕಳಿಸಿಬಿಡುತ್ತಿದ್ದ. ಮಾರಲು ಮನಸ್ಸಿರಲಿಲ್ಲ, ಹತ್ತಿರ ಹೋಗಲು ಧೈರ್ಯವಿರಲಿಲ್ಲ.

ಒಂದು ಕಾಲಕ್ಕೆ ಆ ಪಿಕಪ್ಪೇ ಅವನ ಹೆಸರಾಗಿತ್ತು. ಜೀಪಿನಂಥ ಮೂತಿ, ದುಂಡನೆಯ ದೀಪ, ಗಿಳಿಹಸಿರು ಬಣ್ಣ. ತಲೆತಲಾಂತರದಿಂದ ಇನ್ನೊಬ್ಬರ ಹೊಲದಲ್ಲಿ ದುಡಿದ ಮನೆತನದಲ್ಲಿ ಮೊದಲು ಸ್ಟೇರಿಂಗ್ ಹಿಡಿದವನು ಹಂಪಯ್ಯ. ಬದನೆಕಾಯಿ, ಮೆಣಸಿನಕಾಯಿ, ಮದುವೆಯ ಪಾತ್ರೆ ಪಡಗ ಏನೇ ಸಾಗಿಸಬೇಕಾದರೂ "ಹಂಪಯ್ಯನ ಗಾಡಿ ಹೇಳ್ರಿ, ಅವ ಹೂವಿನಂಗ ಒಯ್ದು ಇಳಿಸ್ತಾನ" ಅನ್ನುತ್ತಿದ್ದರು. ಕವಿತಾಳದ ಹತ್ತಿರದ ಆ ಸಣ್ಣ ಸೇತುವೆಯ ತನಕ ಅವನಿಗೆ ಆ ಹೆಸರಿತ್ತು.

ಅವತ್ತು ಬೆಳಗಿನ ಜಾವ ಬದನೆಕಾಯಿಯ ಲೋಡು ಹೇರಿಕೊಂಡು ಕವಿತಾಳದ ಸಂತೆಗೆ ಹೊರಟಿದ್ದ. ಅಲ್ಲಿ ತನ್ನ ತಂಗಿಯ ಮನೆ ಇದೆಯೆಂದು ಹೆಂಡತಿ ಬಸ್ಸಮ್ಮನೂ ಕ್ಯಾಬಿನ್ನಿನಲ್ಲಿ ಅವನ ಎಡಕ್ಕೆ ಕೂತಿದ್ದಳು. ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಗಾಡಿ ಎಡಕ್ಕೆ ನುಗ್ಗಿ ಸೇತುವೆಯ ಕಲ್ಲುಗೋಡೆಗೆ ಬಡಿಯಿತು. ಹಂಪಯ್ಯನಿಗೆ ತರಚು ಗಾಯ. ಬಸ್ಸಮ್ಮನ ಎಡತೊಡೆಯ ಎಲುಬು ಮುರಿದು, ರಾಯಚೂರಿನ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದಾಗ ಒಂದು ಕಾಲು ಗಿಡ್ಡವಾಗಿತ್ತು. ಅವತ್ತಿನಿಂದ ಅವಳು ಕುಂಟುತ್ತ ನಡೆಯುತ್ತಾಳೆ.

ತಾನು ಬ್ರೇಕ್ ಒತ್ತಿದ್ದೆ ಎಂದೇ ಹಂಪಯ್ಯನಿಗೆ ಮೊದಲು ಅನಿಸಿತ್ತು. ಅಲ್ಲವೆಂದು ತಿಳಿಸಿ ಹೇಳಿದವನು ಮೌನೇಶ.

ಮೌನೇಶನೆಂದರೆ ಅವನ ಬಾಲ್ಯದ ಗೆಳೆಯ. ಒಂದೇ ಶಾಲೆ, ಒಂದೇ ಬಾವಿಯ ಈಜು. ದೊಡ್ಡವನಾದ ಮೇಲೆ ಮಾನ್ವಿಯಲ್ಲಿ ಗ್ಯಾರೇಜ್ ಹಾಕಿದ್ದ. ಹಂಪಯ್ಯನ ಗಾಡಿಗೆ ಅವನ ಕೈ ಬಿಟ್ಟು ಬೇರೆ ಕೈ ಸೋಕಿರಲಿಲ್ಲ. ಆ ಅಪಘಾತದ ಹಿಂದಿನ ಸಂಜೆ ಕೂಡ, ಬಲಗಡೆಯ ಮುಂದಿನ ಗಾಲಿಯಲ್ಲಿ ಬ್ರೇಕ್ ಎಣ್ಣೆ ಸೋರುತ್ತದೆಂದು ಗಾಡಿಯನ್ನು ಅವನ ಹತ್ತಿರವೇ ಒಯ್ದಿದ್ದ. ಎಣ್ಣೆಯ ಒತ್ತಡದಿಂದ ಬ್ರೇಕ್ ಹಿಡಿಸುವ ಗಾಲಿಯ ಸಿಲಿಂಡರನ್ನು ಹೊಸದಾಗಿ ಹಾಕಿದೆನೆಂದು ಹೇಳಿ ಮೌನೇಶ ಗಾಡಿ ಕೊಟ್ಟಿದ್ದ. ಗಾಡಿ ಬಡಿದ ಸುದ್ದಿ ತಿಳಿದು ಮೊದಲು ಓಡಿಬಂದವನೂ ಅವನೇ. ಬಸ್ಸಮ್ಮನನ್ನು ಎತ್ತಿ ಜೀಪಿಗೆ ಹಾಕಿದವನು, ಪಿಕಪ್ಪನ್ನು ಎಳೆಸಿ ದೇವದುರ್ಗಕ್ಕೆ ಮುಟ್ಟಿಸಿದವನು, ಎಲ್ಲ ಅವನೇ.

ದವಾಖಾನೆಯ ಪಡಸಾಲೆಯಲ್ಲಿ ಕೂತು ಮೌನೇಶ ಅವನ ಹೆಗಲ ಮೇಲೆ ಕೈ ಇಟ್ಟಿದ್ದ.

"ಹಂಪ್ಯಾ, ಗಾಡಿ ಪೂರಾ ನೋಡಿದೆ. ಬ್ರೇಕ್ ಛಲೋ ಅದಾವು. ರಸ್ತೆ ಮ್ಯಾಲ ಬ್ರೇಕ್ ಹಾಕಿದ ಗುರುತೇ ಇಲ್ಲ. ನಿನಗ ಕಣ್ಣು ಹತ್ಯಾವ."

"ನಾ ಒತ್ತಿದ್ದೆಲೇ ಮೌನ್ಯಾ. ಕಾಲಿಗಿ ನೆನಪದ."

"ನಿದ್ದಿಗಣ್ಣಾಗ ಹಂಗೇ ಅನಸ್ತದ. ಎಷ್ಟೋ ಡ್ರೈವರ್‌ಗಳು ಹಿಂಗೇ ಹೇಳ್ಯಾರ. ನಿಂದೇನೂ ತಪ್ಪಲ್ಲ ಬಿಡು, ಮನಷ್ಯಾ ಅಂದ ಮ್ಯಾಲ ನಿದ್ದಿ ಬರ್ತದ."

ಎಷ್ಟು ಮೃದುವಾಗಿ ಹೇಳಿದ್ದನೆಂದರೆ, ಕೇಳಿದವರ ಕಣ್ಣಲ್ಲಿ ನೀರು ಬರುವಂತಿತ್ತು. ಹಂಪಯ್ಯ ನಂಬಿದ. ಊರೂ ನಂಬಿತು. ಹೆಂಡತಿಯನ್ನು ಕೂಡಿಸಿಕೊಂಡು ನಿದ್ದೆ ಹೋದ ಡ್ರೈವರ್ ಎಂದು ಹಿಂದೆ ಆಡಿಕೊಂಡರು, ಮುಂದೆ ಯಾರೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ಹಂಪಯ್ಯ ಕೀಲಿಕೈಯನ್ನು ಗೂಟಕ್ಕೆ ತೂಗುಹಾಕಿದ. ಮೌನೇಶನೇ ಯಾರಿಗೋ ಹೇಳಿ ಅವನಿಗೆ ಹುಡುಗರ ಹಾಸ್ಟೆಲ್ಲಿನಲ್ಲಿ ಅಡುಗೆಯ ಕೆಲಸ ಕೊಡಿಸಿದ. ನಾಲ್ಕು ಚಕ್ರದ ಮೇಲೆ ಊರೂರು ತಿರುಗಿದವನು ದೊಡ್ಡ ಡಬರಿಯಲ್ಲಿ ಅನ್ನ ತಿರುವುತ್ತ ಉಳಿದ. ಬಸ್ಸಮ್ಮ ಅಂಗಳದಲ್ಲಿ ಕುಂಟುತ್ತ ನೀರು ತರುವುದನ್ನು ಕಂಡಾಗೆಲ್ಲ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ. ನಿದ್ದೆಯ ಮೇಲೇ ಅವನಿಗೆ ದ್ವೇಷ ಹುಟ್ಟಿತ್ತು. ಹಗಲು ಹೊತ್ತು ತೂಕಡಿಕೆ ಬಂದರೂ ಸರಕ್ಕನೆ ಎದ್ದು ಮುಖ ತೊಳೆಯುತ್ತಿದ್ದ.

ಅವರ ಮಗಳು ವಿಶಾಖಾ ಯರಗೇರಾದ ವಿಶ್ವವಿದ್ಯಾಲಯದಲ್ಲಿ ಓದಿ, ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದಳು. ಆ ಗಾಡಿಯ ಹಿಂದೆ ನಿಂತು ಗಾಳಿಗೆ ಜಡೆ ಬಿಚ್ಚಿಹೋಗುವಂತೆ ಶಾಲೆಗೆ ಹೋದ ಹುಡುಗಿ ಅವಳು. ಈಚೆಗೆ ಅವಳಿಗೆ ಒಂದೇ ಹಟ ಹಿಡಿದಿತ್ತು.

"ಅಪ್ಪಾ, ಗಾಡಿ ರಿಪೇರಿ ಮಾಡಿಸೋಣು. ನೀ ಮತ್ತ ಓಡಸಬೇಕು."

"ಬ್ಯಾಡವ್ವಾ. ಆ ಕಾಲು ಇನ್ನ ಬ್ರೇಕಿನ ಮ್ಯಾಲ ಇಡೂದಲ್ಲ."

"ಬ್ರೇಕೇ ಬದಲಿಸೋಣು. ಹಳೇ ಡ್ರಮ್ ತಗದು ಮುಂದ ಡಿಸ್ಕ್ ಹಾಕ್ತಾರ ಈಗ. ಕಾರ್‌ನಂಗ ಹಿಡೀತದ. ಆರ್‌ಟಿಓ ಕಾಗದಪತ್ರ ಎಲ್ಲಾ ನಾ ನೋಡಕೋತೀನಿ."

ಹಂಪಯ್ಯ ಬಹಳ ದಿನ ತಲೆ ಆಡಿಸಲಿಲ್ಲ. ಕೊನೆಗೆ ಒಪ್ಪಿದ್ದು ಬಸ್ಸಮ್ಮನ ಮಾತಿಗೆ. ಅವಳು ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಮಗಳು ಇಷ್ಟ ಹೇಳ್ತಾಳಂದ್ರ ಹೂಂ ಅನ್ನು. ಕೋಳಿ ಗೂಡಾಗಿ ಕುಂತದ" ಅಂದಿದ್ದಳು.

ಮೌನೇಶನಿಗೆ ಫೋನ್ ಮಾಡಿ ಹೇಳಿದಾಗ ಅವನು ಖುಷಿಪಡಲಿಲ್ಲ. ಈಗ ಅವನ ಗ್ಯಾರೇಜು ಬೆಳೆದು ಮಾನ್ವಿಯ ದೊಡ್ಡ ಬಿಡಿಭಾಗದ ಅಂಗಡಿಯಾಗಿತ್ತು. "ಹುಚ್ಚೇನಲೇ ನಿನಗ? ಅದನ್ನ ಗುಜರಿಗಿ ಹಾಕು" ಅಂದ. ಎರಡು ದಿನ ಬಿಟ್ಟು ತಾನೇ ಫೋನ್ ಮಾಡಿ, "ಮಾಡಸೂದೇ ಖರೆ ಆದ್ರ ನನ್ನ ಹತ್ರ ತಾ. ಬ್ಯಾರೇವ್ರ ಕೈಯಾಗ ಕೊಡಬ್ಯಾಡ, ನಾನೇ ಬಿಚ್ಚತೀನಿ" ಅಂದ. ಹಂಪಯ್ಯನಿಗೂ ಅದೇ ಇಷ್ಟವಿತ್ತು. ಆದರೆ ವಿಶಾಖಾ ಕೇಳಲಿಲ್ಲ. ಇಂಥ ಹಳೆಯ ಗಾಡಿಗಳಿಗೆ ಡಿಸ್ಕ್ ಕೂಡಿಸುವುದರಲ್ಲಿ ರಾಯಚೂರಿನ ವಲಿ ಪಾಷಾನ ಹೆಸರಿತ್ತು. ಅವಳು ಅವನೊಂದಿಗೆ ಮಾತಾಡಿ ಮುಗಿಸಿಬಿಟ್ಟಿದ್ದಳು. ಪಿಕಪ್ಪನ್ನು ಒಂದು ಲಾರಿಯ ಮೇಲೆ ಹೇರಿ ಕಳಿಸಿದ ದಿನ, ಗೆಳೆಯನಿಗೆ ಮೋಸ ಮಾಡಿದಂತೆ ಹಂಪಯ್ಯನ ಮನಸ್ಸು ಕಸಿವಿಸಿಗೊಂಡಿತ್ತು.

ಮೂತಿಯ ಜಜ್ಜು ತೆಗೆದು, ಇಂಜಿನ್ ಕೆಲಸ ಮುಗಿದ ಮೇಲೆ ಬ್ರೇಕಿನ ಸರದಿ ಬಂತು. ಹಂಪಯ್ಯ ರಜೆ ಹಾಕಿ ರಾಯಚೂರಿಗೆ ಹೋದ. ವಲಿ ಪಾಷಾ ನಲವತ್ತರ ಆಸುಪಾಸಿನವನು, ಮಾತು ಕಡಿಮೆ, ಆದರೆ ಕೇಳಿದ್ದಕ್ಕೆ ಬೇಸರವಿಲ್ಲದೆ ಉತ್ತರ ಕೊಡುತ್ತಿದ್ದ. ಇದೇ ಜಾತಿಯ ಗಾಡಿಯ ಮುಂದಿನ ಮಾಡೆಲ್ಲಿಗೆ ಡಿಸ್ಕ್ ಬಂದಿತ್ತಂತೆ. ಅದರ ಮುಂದಿನ ಗಾಲಿಯ ಜೋಡಣೆಯನ್ನೇ ತಂದು ನೆಲದ ಮೇಲೆ ಗೋಣಿಚೀಲ ಹಾಸಿ ಇಟ್ಟಿದ್ದ.

"ನೋಡ್ರಿ ಹಂಪಯ್ಯಣ್ಣ, ಡ್ರಮ್ಮಿನಾಗ ಬ್ರೇಕಿನ ಶೂ ಒಳಗಿನಿಂದ ಹಿಗ್ಗಿ ಒತ್ತತಾವು. ಇದ್ರಾಗ ತಟ್ಟಿಯಂಥ ಡಿಸ್ಕಿನ ಎರಡೂ ಕಡಿಯಿಂದ ಗಪ್ಪನೆ ಹಿಡೀತದ. ಬಿಸಿಯಾದ್ರೂ, ನೀರು ಬಿದ್ರೂ ಕೈ ಬಿಡಂಗಿಲ್ಲ. ಹಿಂದ ಡ್ರಮ್ಮೇ ಇರಲಿ. ಪೈಪು ಮಾತ್ರ ಎಲ್ಲಾ ಹೊಸಾವು ಹಾಕೋಣು."

ಎಡಗಾಲಿ ಬಿಚ್ಚಿಯಾಯಿತು. ಬಲಗಾಲಿಯ ಡ್ರಮ್ಮು ತುಕ್ಕು ಹಿಡಿದು ಬಹಳ ಕಾಡಿಸಿತು. ಸುತ್ತಿಗೆಯಿಂದ ಸುತ್ತಲೂ ಬಡಿದು ಬಡಿದು ಕೊನೆಗೆ ಎಳೆದು ತೆಗೆದ ವಲಿ ಪಾಷಾ, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒಳಗೆ ಒರೆಸಿದ. ಒರೆಸುತ್ತ ಒರೆಸುತ್ತ ಅವನ ಕೈ ನಿಧಾನವಾಯಿತು.

"ಈ ಕಡಿ ಸಿಲಿಂಡರ್ ಯಾವಾಗ ಬದಲಿಸಿದ್ರಿ?"

"ಗಾಡಿ ಬಡಿಯೋ ಹಿಂದಿನ ಸಂಜಿಗೇ. ನಮ್ಮ ಮೌನೇಶ ಹೊಸಾದು ಹಾಕಿದ್ದ."

ವಲಿ ಪಾಷಾ ಆ ಸಿಲಿಂಡರನ್ನು ಬಿಚ್ಚಿ ಅವನ ಮುಂದೆ ಇಟ್ಟ. "ಇದು ಹೊಸಾದಲ್ಲರೀ. ಗಾಡಿ ಹುಟ್ಟಿದಾಗಿಂದು. ಒಳಗಿನ ರಬ್ಬರ್ ಹರದು ಚಿಂದಿ ಆಗೇದ. ಇದು ಸೋರತಿತ್ತು."

"ಸೋರತದಂತೇ ಕೊಟ್ಟಿದ್ದೆನಪ್ಪಾ."

ವಲಿ ಪಾಷಾ ಮತ್ತೆ ಗಾಡಿಯ ಕೆಳಗೆ ತೂರಿ, ಆ ಗಾಲಿಗೆ ಬರುವ ಪೈಪಿನ ನಟ್ಟು ಸಡಿಲಿಸಿದ. ಪೈಪಿನ ಬಾಯಿಂದ ಏನೋ ಉರುಳಿ ಅವನ ಅಂಗೈಗೆ ಬಿತ್ತು. ಈಚೆ ಬಂದು ಅಂಗೈ ಚಾಚಿದ. ಕಡಲೆಕಾಳಿಗಿಂತ ಸಣ್ಣದೊಂದು ಬೇರಿಂಗಿನ ಗುಂಡು.

"ಈ ಗಾಲಿಯ ಪೈಪು ಬಂದ್ ಮಾಡ್ಯಾರರೀ. ಎಣ್ಣಿ ಸೋರಬಾರದಂತ. ದಾರ್ಯಾಗ ಕೆಟ್ಟು ನಿಂತ ಗಾಡಿ ಗ್ಯಾರೇಜ್ ತನಕ ನಿಧಾನ ಹೋಗಾಕ ಕೆಲವ್ರು ಹಿಂಗ ಮಾಡತಾರ. ಆದ್ರ ಹಿಂಗ ಮಾಡಿ ಯಾರೂ ಲೋಡಿಗಿ ಕಳಸಂಗಿಲ್ಲ."

ಹಂಪಯ್ಯ ಆ ಗುಂಡನ್ನು ತನ್ನ ಅಂಗೈಗೆ ತೆಗೆದುಕೊಂಡ. "ಹಿಂಗಿದ್ದಾಗ ಜೋರಾಗಿ ಬ್ರೇಕ್ ಒತ್ತಿದ್ರ?"

"ಎಡಗಾಲಿ ಹಿಡೀತದ. ಬಲಗಾಲಿ ಓಡತದ. ಗಾಡಿ ಎಡಕ್ಕ ಎಳಕೊಂಡು ಹೋಗ್ತದ. ಯಾವ ಡ್ರೈವರ್ ಇದ್ರೂ ಅಷ್ಟೇ."

ಹಂಪಯ್ಯ ಹತ್ತಿರವಿದ್ದ ಹಳೆಯ ಟೈರಿನ ಮೇಲೆ ಕುಸಿದು ಕೂತ. ಅವನಿಗರಿವಿಲ್ಲದೆ ಬಲಗಾಲು ನೆಲವನ್ನು ಒತ್ತುತ್ತಿತ್ತು. ಒತ್ತಿ ಹಿಡಿದೇ ಇತ್ತು. ವಲಿ ಪಾಷಾ ಅದನ್ನು ನೋಡಿ, ಚಹಾ ತರುತ್ತೇನೆಂದು ಎದ್ದು ಆಚೆ ಹೋದ.

ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಗೆಳೆಯನ ಬಗ್ಗೆ ಇಂಥದ್ದು ಯೋಚಿಸುತ್ತಿದ್ದೇನಲ್ಲ ಎಂಬ ನಾಚಿಕೆ. ಬೇರೆ ಯಾರಾದರೂ ಇಟ್ಟಿರಬಹುದೇ? ಯಾರು? ಆ ಸಂಜೆ ಮೌನೇಶನ ಗ್ಯಾರೇಜಿನಿಂದ ಹೊರಟ ಗಾಡಿ ಮರುದಿನ ಹೊತ್ತು ಮೂಡುವುದರೊಳಗೆ ಸೇತುವೆಗೆ ಬಡಿದಿತ್ತು. ನಡುವೆ ಇನ್ನೊಂದು ಕೈಗೆ ಜಾಗವೆಲ್ಲಿತ್ತು? ಗ್ಯಾರೇಜಿನಿಂದ ಬರುವಾಗಲೇ ಬ್ರೇಕ್ ಹಾಕಿದರೆ ಗಾಡಿ ತುಸು ಎಡಕ್ಕೆ ಎಳೆಯುತ್ತದೆ ಅನಿಸಿ ಫೋನ್ ಮಾಡಿದ್ದ. "ಹೊಸಾ ಸಾಮಾನಲ್ಲೇನಲೇ, ಕೂಡಾಕ ಟೈಮ್ ಬೇಕು. ನಾಕ್ ದಿನ ಓಡಿದ ಮ್ಯಾಲ ಸರಿ ಆಗ್ತದ" ಅಂದಿದ್ದ ಮೌನೇಶ. ಆ ಮಾತು ಈಗ ಬೇರೆಯೇ ದನಿಯಲ್ಲಿ ಕೇಳಿಸಿತು.

ಆ ರಾತ್ರಿ ಮಗಳ ಹತ್ತಿರ ಉಳಿದು, ಅವಳಿಗೆ ಗುಂಡಿನ ಸಂಗತಿ ಹೇಳಿ, ಮರುದಿನ ಮಾನ್ವಿಯ ಬಸ್ಸು ಹತ್ತಿದ. ವಿಶಾಖಾ ತಾನೂ ಬರುತ್ತೇನೆಂದಳು. ಬೇಡವೆಂದ.

ಮೌನೇಶನ ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಇವನನ್ನು ಕಂಡು, "ಬಾರಲೇ ಹಂಪ್ಯಾ! ಹೇಳದೇ ಕೇಳದೇ ಬಂದೀದಿ. ಚಾ ಹೇಳ್ತೀನಿ ತಡಿ" ಎಂದು ನಕ್ಕ. ಹಂಪಯ್ಯ ಕಿಸೆಯಿಂದ ಆ ಗುಂಡು ತೆಗೆದು ಗಾಜಿನ ಟೇಬಲ್ಲಿನ ಮೇಲಿಟ್ಟ. ಅದು ಉರುಳತೊಡಗಿತು. ಮೌನೇಶ ತಟ್ಟನೆ ಅದರ ಮೇಲೆ ಅಂಗೈ ಮುಚ್ಚಿದ. ಅದೇನೆಂದು ಕೇಳಲಿಲ್ಲ. ಅವನು ಕೇಳಲಿಲ್ಲವೆಂಬುದೇ ಹಂಪಯ್ಯನಿಗೆ ಸಾಕಾಗಿತ್ತು.

"ಒಳಗ ಬಾ," ಅಂದ ಮೌನೇಶ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಟ್ಯೂಬು, ಬೆಲ್ಟುಗಳ ರಬ್ಬರಿನ ವಾಸನೆ ಗವ್ವೆನ್ನುತ್ತಿತ್ತು. ಇಬ್ಬರೂ ನಿಂತೇ ಇದ್ದರು.

"ಸಿಲಿಂಡರ್ ಅವತ್ತ ಸಿಗಲಿಲ್ಲ," ಮೌನೇಶ ನೆಲ ನೋಡುತ್ತ ಹೇಳಿದ. "ಮರುದಿನ ರಾಯಚೂರಿಂದ ತರಸಬೇಕಂತಿದ್ದೆ. ನೀ ನಸಕಿಗೇ ಲೋಡ್ ಅದ ಅಂದಿ. ನಿನಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಒಂದ ದಿನ ಅಲ್ಲೇನು, ತಿರಗಿ ಬಂದ ಮ್ಯಾಲ ಹಾಕಿಬಿಡೋಣು ಅಂದಕೊಂಡೆ."

"ಹೊಸಾದು ಹಾಕೀನಿ ಅಂದಿ."

"ಅಂದೆ."

"ನಿಧಾನ ಹೋಗು, ಬ್ರೇಕ್ ಪೂರಾ ಇಲ್ಲ ಅಂದಿದ್ರ ನಾ ಹೋಗತಿದ್ದೇ ಇಲ್ಲ. ನಿನ್ನ ಕೈ ಮ್ಯಾಲ ಭರೋಸಾ ಇಟ್ಟು ಹೆಂಡ್ತೀನ ಬಾಜು ಕುಂದ್ರಿಸಿಕೊಂಡು ಹೊಂಟಿದ್ದೆ."

"ತಪ್ಪಾತು."

"ಗುಂಡಿನ ಮಾತು ಬಿಡು." ಹಂಪಯ್ಯ ಒಂದು ಹೆಜ್ಜೆ ಮುಂದೆ ಬಂದ. "ಕೆಲಸದಾಗ ತಪ್ಪು ಆಗ್ತಾವು. ನಾನೂ ಅನ್ನ ಸೀಯಿಸೀನಿ. ಮಲಗಿದ್ದಿ ಅಂತ ಯಾಕ ಹೇಳಿದಿ ನನಗ?"

ಮೌನೇಶ ಬಾಗಿಲ ಕಡೆ ನೋಡಿದ. ಗಿರಾಕಿಗಳಿಗೆ ಕೇಳಿಸೀತೆಂಬ ಅಂಜಿಕೆ ಅವನ ಮುಖದಲ್ಲಿ ಕಾಣುತ್ತಿತ್ತು. "ಅಂಜಿದೆ ಹಂಪ್ಯಾ. ಹೊಸಾ ಗ್ಯಾರೇಜು. ಮೌನೇಶನ ಕೈಯಿಂದ ಬಂದ ಗಾಡಿ ಹಿಂಗಾತು ಅಂದ್ರ ಯಾರು ಬರತಿದ್ರು?"

"ಆ ದಿನ ಅಂಜಿದಿ. ಮರುದಿನ? ವರುಷ ಆದ ಮ್ಯಾಲ? ಹಬ್ಬಕ್ಕ ನನ್ನ ಮನಿಗಿ ಬಂದು, ಆಕಿ ಕುಂಟಕೋತ ಬಂದು ಹೋಳಿಗಿ ನೀಡುವಾಗ?"

ಮೌನೇಶ ಗೋಡೆಗೆ ತೂಗುಬಿಟ್ಟಿದ್ದ ಬೆಲ್ಟೊಂದನ್ನು ಸರಿಪಡಿಸಿದ. ಆಮೇಲೆ ಆಡಿದ ಮಾತು ಹಂಪಯ್ಯನ ಎದೆಯಲ್ಲಿ ಕೂತುಬಿಟ್ಟಿತು.

"ಮೊದಲು ಅಂಜಿಕಿ ಇತ್ತು. ಆಮ್ಯಾಲ ನೀ ನಂಬಿಬಿಟ್ಟಿ. ನೀನೇ ಎಲ್ಲಾರ ಮುಂದ, ನನಗ ನಿದ್ದಿ ಹತ್ತಿತ್ತು ಅಂತ ಹೇಳಾಕ ಹತ್ತಿದಿ. ನೀ ಅಷ್ಟ ಗಟ್ಟಿಯಾಗಿ ಹೇಳೂದು ಕೇಳಿ ಕೇಳಿ ನನಗೂ ಹಂಗೇ ಆಗಿರಬೇಕು ಅನಸಾಕ ಹತ್ತಿತು. ಹಾಸ್ಟೆಲ್ ಕೆಲಸಕ್ಕ ನಾನೇ ಓಡಾಡಿದೆನಲ್ಲಪ್ಪಾ. ನಿಮ್ಮನ್ನೇನು ಕೈ ಬಿಟ್ಟೆನೇನು?"

ಹಂಪಯ್ಯ ಆ ಮುಖವನ್ನೇ ನೋಡಿದ. ಬಾವಿಯಲ್ಲಿ ತನಗೆ ಈಜು ಕಲಿಸಿದ ಮುಖ. ಹೊಡೆಯಬೇಕೆನಿಸಲಿಲ್ಲ. ಬಯ್ಯಲು ಬಾಯಿಗೆ ಬಂದ ಮಾತು ಯಾವುದೂ ಸಾಲದೆನಿಸಿತು.

"ಒಂದ ಮಾತು ಕೇಳ್ತೀನಿ. ಬರೂ ಐತವಾರ ನಮ್ಮ ಓಣಿಗಿ ಬಾ. ನಾಕ್ ಮಂದಿ ಮುಂದ ನಿಂತು, ಹಂಪಯ್ಯ ಅವತ್ತ ಮಲಗಿದ್ದಿಲ್ಲ ಅಂತ ಹೇಳು. ಅಷ್ಟೇ. ಮತ್ತೇನೂ ಬ್ಯಾಡ."

"ಬರ್ತೀನಿ," ಮೌನೇಶ ಅವನ ಕೈ ಹಿಡಿದುಕೊಂಡ. "ನಿನ್ನಾಣಿ, ಬರ್ತೀನಿ."

ಮನೆಗೆ ಬಂದು ಬಸ್ಸಮ್ಮನಿಗೆ ಎಲ್ಲವನ್ನೂ ಹೇಳಿದ. ಸಂಜೆಯ ಹೊತ್ತು, ಅವಳು ಹೊಸ್ತಿಲ ಮೇಲೆ ಗಿಡ್ಡ ಕಾಲು ಚಾಚಿ ಕೂತಿದ್ದಳು. ಹೌಹಾರುತ್ತಾಳೆ, ಮೌನೇಶನಿಗೆ ಹಿಡಿಶಾಪ ಹಾಕುತ್ತಾಳೆ ಅಂದುಕೊಂಡಿದ್ದ. ಅವಳು ಕೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ" ಅಂದಳು.

"ಏನ್ ಹೂಂ? ಇಷ್ಟ ದೊಡ್ಡ ಮೋಸ ಮಾಡ್ಯಾನ ಅವ!"

"ಅವ ಮಾಡ್ಯಾನ. ನನಗ ಅದರಕಿಂತ ದೊಡ್ಡದು ಆಗೇದ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ದವಾಖಾನಿಯಾಗ ಕಣ್ಣ ಬಿಟ್ಟ ದಿನ ನಿನಗೇನ್ ಹೇಳಿದ್ದೆ ನಾನು?"

ಹಂಪಯ್ಯನಿಗೆ ನೆನಪಾಗಲಿಲ್ಲ.

"ನೀ ಮಲಗಿದ್ದಿಲ್ಲ ಅಂದಿದ್ದೆ. ನಿನ್ನ ಕಾಲು ಬ್ರೇಕಿನ ಮ್ಯಾಲ ಇತ್ತು, ನಾ ನೋಡೀನಿ ಅಂದಿದ್ದೆ. ನೀ ಏನಂದಿ? 'ಸುಮ್ನಿರು ಬಸ್ಸವ್ವ, ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ' ಅಂದಿ. ಎರಡನೇ ಸಲ ಹೇಳಿದಾಗ ಸಿಟ್ಟಿಗಿ ಬಂದಿ. ಮೂರನೇ ಸಲ ನಾ ಹೇಳಲಿಲ್ಲ."

ಮಸುಕಾಗಿ ಎಲ್ಲವೂ ಮೇಲೆ ಬಂತು. ಔಷಧದ ವಾಸನೆ, ಕಾಲಿಗೆ ತೂಗುಬಿಟ್ಟ ಕಲ್ಲು, ಒಣಗಿದ ತುಟಿಯಿಂದ ಅವಳು ಏನೋ ಹೇಳುತ್ತಿದ್ದದ್ದು. ಪಾಪ, ನನಗಾಗಿ ಸುಳ್ಳು ಹೇಳುತ್ತಾಳೆ ಎಂದು ಅವನು ಕಣ್ಣೀರು ಹಾಕಿದ್ದು. ಆ ಗಾಡಿಯಲ್ಲಿದ್ದವರು ಇಬ್ಬರೇ. ಇದ್ದವಳ ಮಾತು ಬಿಟ್ಟು, ಇಲ್ಲದವನ ಮಾತು ಹಿಡಿದಿದ್ದ.

"ಬಸ್ಸವ್ವ..."

"ಅವ ಗೆಣಿಯಾ, ಗಾಡಿ ಬಲ್ಲಾವ. ನಾನೇನು, ಬಾಜು ಕುಂತಾಕಿ," ಎಂದು ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಶುಕ್ರವಾರ ವಿಶಾಖಾ ಫೋನ್ ಮಾಡಿ ಗಾಡಿ ತಯಾರಾಯಿತೆಂದಳು. ಹಂಪಯ್ಯ ಒಲ್ಲದ ಮನಸ್ಸಿನಿಂದಲೇ ರಾಯಚೂರಿಗೆ ಹೋದ. ವಲಿ ಪಾಷಾ ಅವನನ್ನು ಸ್ಟೇರಿಂಗ್ ಮುಂದೆ ಕೂಡಿಸಿ, ತಾನು ಪಕ್ಕದಲ್ಲಿ ಕೂತು, ಯರಗೇರಾದ ದಾರಿಗೆ ತಿರುಗಿಸಲು ಹೇಳಿದ. ಮಂದಿ ಇಲ್ಲದ ಜಾಗ ನೋಡಿ, "ಈಗ ವೇಗ ಹಿಡೀರಿ. ನಾ ಅಂದ ಕೂಡ್ಲೇ ಪೂರಾ ಒತ್ತರಿ. ಸ್ಟೇರಿಂಗ್ ಸಡಿಲ ಬಿಡ್ರಿ" ಅಂದ.

ಹಂಪಯ್ಯ ಗೇರು ಬದಲಿಸಿ ವೇಗ ಹಿಡಿದ. ವಲಿ ಪಾಷಾ "ಹಾಂ!" ಅಂದ. ಒತ್ತಿದ. ಪಿಕಪ್ಪು ಮೂತಿ ತಗ್ಗಿಸಿ, ನೆಟ್ಟಗೆ, ದಾರದ ಗೆರೆ ಹಿಡಿದಂತೆ ನಿಂತುಬಿಟ್ಟಿತು. ಒಂದಿಷ್ಟೂ ಆಚೀಚೆ ಹೊರಳಲಿಲ್ಲ. ಧೂಳು ಹಿಂದಿನಿಂದ ಬಂದು ಗಾಡಿಯನ್ನು ದಾಟಿ ಮುಂದೆ ಹೋಯಿತು.

"ಮಸ್ತ್ ಅಲ್ಲೇನ್ರಿ?" ವಲಿ ಪಾಷಾ ನಕ್ಕ.

ಹಂಪಯ್ಯನಿಗೆ ನಗು ಬರಲಿಲ್ಲ. ಕುರಿಹಿಂಡಿನ ಮುಂದೆ ಅವತ್ತೂ ಹೀಗೇ ನಿಲ್ಲಬೇಕಾಗಿತ್ತು. ನಿಂತಿದ್ದರೆ ಕುರಿಗಳು ದಾಟುತ್ತಿದ್ದವು, ಕುರುಬನಿಗೆ ಎರಡು ಬಯ್ದು ಮುಂದೆ ಹೋಗುತ್ತಿದ್ದರು, ಬದನೆಕಾಯಿ ಮಾರಿ, ತಂಗಿಯ ಮನೆಯಲ್ಲಿ ಉಂಡು ಬರುತ್ತಿದ್ದರು. ಅವನು ಸ್ಟೇರಿಂಗ್ ಮೇಲೆ ಹಣೆ ಇಟ್ಟು ಬಿಕ್ಕಿದ. ವಲಿ ಪಾಷಾ ಕಿಟಕಿಯ ಆಚೆ ನೋಡುತ್ತ ಕೂತ.

ಭಾನುವಾರ ಬಂತು. ಓಣಿಯ ಸಮುದಾಯ ಭವನದ ಕಟ್ಟೆಯ ಮೇಲೆ ಹತ್ತಾರು ಜನ ಕೂಡಿದರು. ಹಿರಿಯನಾದ ರಾಮಣ್ಣ ನಡುವೆ ಕೂತಿದ್ದ. ಮೌನೇಶ ಒಂದು ಮಾತು ಹೇಳುವವನಿದ್ದಾನೆ ಎಂದಷ್ಟೇ ಹಂಪಯ್ಯ ಎಲ್ಲರಿಗೂ ತಿಳಿಸಿದ್ದ. ವಿಶಾಖಾ ಎಲ್ಲರಿಗೂ ಚಹಾ ಕೊಟ್ಟಳು. ಬಿಸಿಲು ಏರಿತು. ಮೌನೇಶನ ಫೋನ್ ಬಂದ್ ಇತ್ತು.

ಜನ ಏಳಲು ನೋಡುವಾಗ ಮೋಟರ್‌ಸೈಕಲ್ಲೊಂದು ಬಂತು. ಮೌನೇಶನ ಅಂಗಡಿಯಲ್ಲಿ ಕೆಲಸ ಮಾಡುವ ತಿರುಪತಿ. ಕೆಳಗಿಳಿಯದೆ, ಕಾಲು ಊರಿ ನಿಂತೇ ಹೇಳಿದ.

"ಸಾಹುಕಾರ್ರು ಬರಾಕ ಆಗಂಗಿಲ್ಲಂತ್ರಿ. ಹಳೇ ಮಾತು ಈಗ್ಯಾಕ ಅಂತ ಹೇಳ್ಯಾರ. ಮತ್ತ... ಗಾಡಿ ಇಷ್ಟ ವರ್ಷ ನಿಮ್ಮ ಶೆಡ್ಡಿನ್ಯಾಗೇ ಇತ್ತಲ್ಲ, ಅದ್ರಾಗ ಯಾರು ಏನಿಟ್ರೋ ಯಾರಿಗಿ ಗೊತ್ತು ಅಂತ ಕೇಳು ಅಂದಾರ್ರಿ." ಅವನಿಗೂ ಮುಜುಗರವಾಗಿತ್ತು. ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟ.

ಮೊದಲ ಮೋಸಕ್ಕೆ ಅಂಜಿಕೆಯ ನೆವವಿತ್ತು. ಇದಕ್ಕೆ? ಕೈ ಹಿಡಿದು ಆಣೆ ಮಾಡಿದವನು, ಈಗ ಆ ಗುಂಡನ್ನು ಹಂಪಯ್ಯನೇ ಪೈಪಿನೊಳಗೆ ಇಟ್ಟಿರಬೇಕೆಂಬಂತೆ ಹೇಳಿ ಕಳಿಸಿದ್ದಾನೆ. ಜನರಲ್ಲಿ ಗುಸುಗುಸು ಎದ್ದಿತು. ಯಾರು ಏನಿಟ್ಟರು, ಏನು ಮಾತು ಎಂದು ರಾಮಣ್ಣ ಕೇಳಿದ. ಹಂಪಯ್ಯ ಎದ್ದು ನಿಂತ, ಮತ್ತೆ ಕೂತ. ತಾನು ಏನು ಹೇಳಿದರೂ, ತಪ್ಪು ಮಾಡಿದ ಡ್ರೈವರ್ ಕಟ್ಟಿದ ಕತೆ ಅನ್ನುತ್ತಾರೆ.

ಆಗ ಹಿಂದೆ ಹೆಂಗಸರ ಜೊತೆ ಕೂತಿದ್ದ ಬಸ್ಸಮ್ಮ ಎದ್ದು ನಿಂತಳು.

"ಅವ ಬರಲಿಲ್ಲ ಅಂದ್ರ ಏನಾತು? ಗಾಡ್ಯಾಗ ಅವ ಎಲ್ಲಿದ್ದ? ನಾ ಇದ್ದೆ. ನನ್ನ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು. ಅವಳು ಕುಂಟುತ್ತ ಕಟ್ಟೆಯ ಮುಂದೆ ಬಂದಳು.

"ಇವ ಮಲಗಿದ್ದಿಲ್ಲ. ಮಾತಾಡಾಕತ್ತಿದ್ದ. ವಿಶಾಖಾನ ಚಪ್ಪಲಿ ಹರದಾವು, ಸಂತ್ಯಾಗ ಕೆಂಪು ಪಟ್ಟೀದು ತಗೋಬೇಕು, ಹೋದ ಸಲದ್ದು ಕಾಲಿಗಿ ಹಿಡೀತಿತ್ತು, ಈ ಸಲ ಒಂದ ಅಳತಿ ದೊಡ್ಡದು ತರೋಣು ಅಂತ ಹೇಳಾಕತ್ತಿದ್ದ. ಮಲಗಿದಾವ ಚಪ್ಪಲಿ ಅಳತಿ ಹೇಳ್ತಾನೇನ್ರಿ? ಕುರಿ ಬಂದ್ವು. 'ಹಿಡಕೋ ಬಸ್ಸವ್ವ' ಅಂತ ಒದರಿದ. ಎರಡೂ ಕೈಯಿಂದ ಸ್ಟೇರಿಂಗ್ ಬಲಕ್ಕ ಜಗ್ಗಾಕತ್ತಿದ್ದ, ಗಾಡಿ ಎಡಕ್ಕೇ ಹೋತು. ನಾ ನೋಡೀನಿ."

ವಿಶಾಖಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ರಾಮಣ್ಣ ಮೆಲ್ಲಗೆ ಕೇಳಿದ, "ಇಷ್ಟ ವರ್ಷ ಯಾಕ ಹೇಳಲಿಲ್ಲವ್ವಾ ತಂಗಿ?"

ಬಸ್ಸಮ್ಮ ಗಂಡನ ಕಡೆ ನೋಡಿದಳು. ಹಂಪಯ್ಯ ಎದ್ದು ಅವಳ ಪಕ್ಕಕ್ಕೆ ಬಂದ.

"ಹೇಳಿದ್ಲು ಅಣ್ಣಾ," ಅಂದ. "ನಾ ನಂಬಲಿಲ್ಲ."

ಆಮೇಲೆ ಗುಂಡಿನ ಸಂಗತಿಯನ್ನು ಅವನೇ ಮೊದಲಿಂದ ಕೊನೆಯ ತನಕ ಹೇಳಿದ. ಕೆಲವರು ಮೌನೇಶನನ್ನು ಬಯ್ದರು. ಒಬ್ಬಿಬ್ಬರು ಅನುಮಾನದಿಂದಲೇ ಎದ್ದುಹೋದರು. ರಾಮಣ್ಣ ಬಸ್ಸಮ್ಮನಿಗೆ ಕೈ ಮುಗಿದು, "ನಿನ್ನ ಕೇಳೂದು ನಮಗೂ ಹೊಳೀಲಿಲ್ಲ ನೋಡವ್ವಾ" ಅಂದ.

ಹಂಪಯ್ಯ ಮತ್ತೆ ಮಾನ್ವಿಗೆ ಹೋಗಲಿಲ್ಲ. ಮೌನೇಶನೂ ಬರಲಿಲ್ಲ, ಫೋನೂ ಮಾಡಲಿಲ್ಲ. ದಾರಿಯಲ್ಲಿ ಅವನಂಥದೇ ನಡಿಗೆಯ ಯಾರನ್ನಾದರೂ ಕಂಡರೆ ಹಂಪಯ್ಯನ ಮುಖ ತಾನಾಗಿ ಅರಳಿ, ಮರುಕ್ಷಣ ಕಪ್ಪಿಡುತ್ತಿತ್ತು. ಅಷ್ಟು ವರ್ಷದ ರೂಢಿ ಒಂದೇ ದಿನಕ್ಕೆ ಹೋಗುವುದಿಲ್ಲ.

ಅದೇ ವಾರ ಬಸ್ಸಮ್ಮ ನಾಲ್ಕು ದಿನ ತವರೂರಾದ ಕುರ್ಡಿಗೆ ಹೋಗಿಬರುತ್ತೇನೆಂದಳು. ಗಾಡಿಯಲ್ಲಿ ಬಿಡುತ್ತೇನೆಂದು ಅವನು ಅನ್ನುವ ಮೊದಲೇ, "ಬಸ್ಸಿಗಿ ಹೋಗ್ತೀನಿ" ಅಂದಳು. ಅವನು ಅವಳ ಚೀಲ ಹೊತ್ತು ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದ. ಇಷ್ಟು ವರ್ಷ ಅವಳಿಗಿಂತ ಮುಂದೆಯೇ ನಡೆಯುತ್ತಿದ್ದವನು ಅವನು. ಅವಳ ಕಾಲಿನ ಸಮಕ್ಕೆ ನಡೆದಾಗ, ತಾನು ದಿನಾ ಓಡಾಡುವ ಆ ದಾರಿ ಎಷ್ಟು ಉದ್ದವಿದೆಯೆಂದು ಗೊತ್ತಾಯಿತು. ಎರಡು ಕಡೆ ಅವಳು ನಿಂತು ಉಸಿರು ಎಳೆದುಕೊಂಡಳು. ಅವನೂ ನಿಂತ.

ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ಬಂದು ಕೇಳಿದ. "ನೀ ತಿರಗಿ ಬರೂ ಮುಂದ ಗಾಡಿ ತಗೊಂಡು ಬರ್ಲೇನು, ಕರಕೊಂಡು ಬರಾಕ?"

ಬಸ್ಸಮ್ಮ ಅವನನ್ನು ನೋಡಿದಳು.

"ಹೊರಡೂ ಮುಂದ ಫೋನ್ ಮಾಡು. ಬಾ ಅಂದ್ರೂ ಬ್ಯಾಡ ಅಂದ್ರೂ, ನಾ ಹೇಳಿದ್ದು ಕೇಳು."

"ಕೇಳ್ತೀನಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಹಂಪಯ್ಯ ಅಲ್ಲೇ ನಿಂತಿದ್ದ.